ಮುಟ್ಟದೆ ಆರೈಕೆ ಮಾಡುವುದು ಸಾಧ್ಯವೇ?

ನರ್ಸಿಂಗ್ ಮುಗಿಸಿ ವಿಡಿಯೊ ಕರೆಯ ಮೂಲಕ ರೋಗಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಲಿರುವ ನೀವು ಈ ಪ್ರಶ್ನೆ ಕೇಳಿದ್ದೀರಿ. ಸಾಧ್ಯವಿಲ್ಲ. ಆದರೆ ಮುಟ್ಟುವ ಕೈ ನಿಮ್ಮದೇ ಆಗಿರಬೇಕಿಲ್ಲ.

ನಾನು ದಾವಣಗೆರೆಯಲ್ಲಿ ಕುಳಿತು ಜಗಳೂರು ತಾಲ್ಲೂಕಿನ ಸಕ್ಕರೆ ಕಾಯಿಲೆಯವರಿಗೆ ಕರೆ ಮಾಡುತ್ತೇನೆ. ಒಬ್ಬ ಅಜ್ಜಿ ಪ್ರತಿ ಸಲವೂ ‘ಆರಾಮಾಗಿದ್ದೇನೆ ತಾಯಿ’ ಎಂದು ಮಾತು ಮುಗಿಸುತ್ತಿದ್ದರು. ಪಾದ ತೋರಿಸಿ ಎಂದರೆ, ಮುಖಕ್ಕೆ ಕಾಲು ತೋರಿಸಬಾರದು ಎಂದು ಸೀರೆಯ ಅಂಚನ್ನು ಎಳೆದುಕೊಳ್ಳುತ್ತಿದ್ದರು. ಮೊಬೈಲ್ ಹಿಡಿದು ನಿಲ್ಲುತ್ತಿದ್ದ ಸೊಸೆಯ ಮುಖವನ್ನೇ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಒಂದು ದಿನ ‘ಅಕ್ಕಾ, ನಿಮ್ಮ ಹೆಸರೇನು?’ ಎಂದು ಕೇಳಿದೆ. ಅತ್ತೆಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡಲು ಹೇಳಿಕೊಟ್ಟೆ. ಕಿರುಬೆರಳ ಬಳಿ ಹುಣ್ಣಾಗಿತ್ತು. ಅಜ್ಜಿ ಸುಳ್ಳು ಹೇಳಿರಲಿಲ್ಲ. ಸಕ್ಕರೆಯಿಂದ ನರಗಳು ಸೊರಗಿದ ಪಾದಕ್ಕೆ ನೋವು ತಿಳಿಯುವುದಿಲ್ಲ. ಅಂದೇ ಆಸ್ಪತ್ರೆಗೆ ಕಳುಹಿಸಿದೆ.

2019ರಲ್ಲಿ ಆರಂಭವಾದ, ದೂರದಿಂದಲೇ ವೈದ್ಯರ ಸಲಹೆ ಕೊಡಿಸುವ ಸರ್ಕಾರಿ ಸೇವೆ ಇ-ಸಂಜೀವಿನಿಯಲ್ಲಿ ಆರೋಗ್ಯ ಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ ರೋಗಿಯ ಪಕ್ಕದಲ್ಲಿ ಕುಳಿತು ಪರದೆಯಲ್ಲಿರುವ ವೈದ್ಯರೊಡನೆ ಮಾತನಾಡಿಸುತ್ತಾರೆ. ಅಲ್ಲಿ ಮುಟ್ಟುವ ಕೈ ಮೊದಲೇ ಇದೆ. ಮನೆಗೆ ಮಾಡುವ ಕರೆಯಲ್ಲಿ ಅದನ್ನು ನೀವೇ ಹುಡುಕಿಕೊಳ್ಳಬೇಕು, ಆ ಕೈಯವರ ದಣಿವನ್ನೂ ವಿಚಾರಿಸಬೇಕು.

ಹಾಗೆಂದು ಸೊಸೆಯ ಎದುರು ಎಲ್ಲವನ್ನೂ ಕೇಳಬೇಡಿ. ಮೂತ್ರದ ಉರಿ, ಹೊತ್ತಿಗೆ ಊಟ ಸಿಗುತ್ತದೆಯೇ ಎಂಬ ಮಾತು, ರಾತ್ರಿಯ ಭಯ, ಇವು ಅಜ್ಜಿ ಒಬ್ಬರೇ ಹೇಳುವಂಥವು. ಕೊನೆಯ ಐದು ನಿಮಿಷ ಅವರೊಬ್ಬರದೇ ಎಂದು ಮೊದಲ ದಿನವೇ ಇಬ್ಬರಿಗೂ ತಿಳಿಸಿಬಿಟ್ಟರೆ ಯಾರಿಗೂ ನೋವಾಗುವುದಿಲ್ಲ.

ನೆಟ್‌ವರ್ಕ್ ನಿಧಾನವಾದಾಗ ನಮ್ಮ ಮಾತು ಅವರ ಮಾತಿನ ಮೇಲೆ ಬೀಳುತ್ತದೆ. ಒಮ್ಮೆ ಮಾತು ತುಂಡಾದರೆ ಹಿರಿಯರು ಮತ್ತೆ ಆ ವಿಷಯ ಎತ್ತುವುದಿಲ್ಲ. ಅವರು ನಿಲ್ಲಿಸಿದ ಮೇಲೂ ಎರಡು ಉಸಿರು ಕಾಯಿರಿ. ಕಣ್ಣು ಕ್ಯಾಮೆರಾದ ಮೇಲಿರಲಿ. ಆಗಲೇ ಅವರಿಗೆ ನೀವು ತಮ್ಮನ್ನೇ ನೋಡುತ್ತಿರುವಂತೆ ಕಾಣುತ್ತದೆ.

ನೀವು ಓದಿರುವ, ನರ್ಸ್‌–ರೋಗಿ ಸಂಬಂಧದ ಬಗ್ಗೆ ಅಮೆರಿಕದ ನರ್ಸ್‌ ಹಿಲ್ಡೆಗಾರ್ಡ್ ಪೆಪ್ಲಾವ್ ಬರೆದ 1952ರ ಸಿದ್ಧಾಂತದಲ್ಲಿ ನರ್ಸ್‌ ಮೊದಲು ಬರುವುದು ಅಪರಿಚಿತರಾಗಿ. ಪರದೆಯಲ್ಲಿ ಆ ಹಂತ ದಾಟಲು ಹೆಚ್ಚು ದಿನ ಬೇಕು. ಅವಸರ ಮಾಡಬೇಡಿ, ಆದರೆ ಕೊಟ್ಟ ಹೊತ್ತನ್ನು ಮಾತ್ರ ತಪ್ಪಿಸಬೇಡಿ. ಮಂಗಳವಾರ ಹತ್ತಕ್ಕೆ ಎಂದರೆ, ಆ ಅಜ್ಜಿ ಈಗ ಒಂಬತ್ತೂವರೆಗೇ ಕಾಲು ತೊಳೆದು ಒರೆಸಿಕೊಂಡು ಜಗಲಿಯ ಮೇಲೆ ಕುಳಿತಿರುತ್ತಾರೆ.