ಸಿಡಿಗೆ ಅಂಟಿಸಿದ ಟ್ಯಾಗ್ ಓದುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮ ಲೈಬ್ರರಿಯ ಪುಸ್ತಕಗಳಿಗೆ ಆರ್‌ಎಫ್‌ಐಡಿ ಟ್ಯಾಗ್ (ರೀಡರ್ ಯಂತ್ರ ರೇಡಿಯೋ ಮೂಲಕ ಓದುವ ಚಿಪ್ ಇರುವ ಸ್ಟಿಕ್ಕರ್) ಹಾಕಿದ್ದೇವೆ, ಚೆನ್ನಾಗಿ ನಡೆಯುತ್ತಿದೆ. ಅದೇ ಟ್ಯಾಗನ್ನು ಕೆಲವು ಸಿಡಿಗಳ ಮೇಲೆ ಅಂಟಿಸಿದೆ, ರೀಡರ್‌ಗೆ ಗೊತ್ತೇ ಆಗುತ್ತಿಲ್ಲ. ಟ್ಯಾಗ್ ಕೆಟ್ಟಿದೆಯಾ? ಬರೀ ಡಬ್ಬಿಗೆ ಅಂಟಿಸಿದರೆ ಸಾಕಾ?

ಉತ್ತರ: ಟ್ಯಾಗ್ ಕೆಟ್ಟಿರಲಾರದು. ಅದೇ ರೋಲ್‌ನ ಇನ್ನೊಂದನ್ನು ಪುಸ್ತಕದ ರಟ್ಟಿಗೆ ಅಂಟಿಸಿ ನೋಡಿ, ಓದುತ್ತದೆ. ತಂಟೆ ಇರುವುದು ಡಿಸ್ಕ್‌ನ ಆ ಫಳಫಳ ಹೊಳೆಯುವ ಪದರದಲ್ಲಿ. ಅದು ಲೋಹ, ಹೆಚ್ಚಾಗಿ ಅಲ್ಯೂಮಿನಿಯಂ. ಲೈಬ್ರರಿ ಟ್ಯಾಗ್‌ಗಳು ಸಾಮಾನ್ಯವಾಗಿ 13.56 ಮೆಗಾಹರ್ಟ್ಸ್‌ನವು, ಒಳಗೆ ಬ್ಯಾಟರಿ ಇಲ್ಲ, ರೀಡರ್‌ನ ಕಾಂತಕ್ಷೇತ್ರದಿಂದಲೇ ಚಿಪ್‌ಗೆ ಕರೆಂಟ್ ಸಿಗಬೇಕು. ಕೆಳಗೆ ಲೋಹ ಇದ್ದರೆ ಅದರಲ್ಲಿ ಸುಳಿಯಂತೆ ಕರೆಂಟ್ ಹರಿದು, ಆ ಕ್ಷೇತ್ರಕ್ಕೇ ಎದುರು ನಿಲ್ಲುತ್ತದೆ. ಮೇಲಾಗಿ ಆಂಟೆನಾದ ಟ್ಯೂನಿಂಗೂ ತಪ್ಪುತ್ತದೆ. ಚಿಪ್ ಎಚ್ಚರ ಆಗುವುದೇ ಇಲ್ಲ.

ಇದಕ್ಕೆಂದೇ ಬಳೆಯಾಕಾರದ ಟ್ಯಾಗ್ ಸಿಗುತ್ತದೆ. 120 ಮಿ.ಮೀ. ಡಿಸ್ಕ್‌ನ ನಡುವೆ 15 ಮಿ.ಮೀ. ತೂತು ಇದೆಯಲ್ಲ, ಅದರ ಸುತ್ತ ಲೋಹವಿಲ್ಲದ ಪ್ಲಾಸ್ಟಿಕ್ ಜಾಗವಿದೆ, ಅಲ್ಲಿ ಅಂಟಿಸಬೇಕು. ಆಂಟೆನಾ ಚಿಕ್ಕದು, ಹಾಗಾಗಿ ರೀಡರ್‌ಗೆ ತೀರಾ ಹತ್ತಿರ ಹಿಡಿಯಬೇಕು. ಬಾಗಿಲ ಬಳಿಯ ಕಳ್ಳತನ ತಡೆಯುವ ಗೇಟ್ ಅದನ್ನು ಹಿಡಿಯುತ್ತದೆ ಅಂತ ನಂಬಿ ಕೂರಬೇಡಿ. ಡಿಸ್ಕ್‌ಗಳನ್ನು ಒಂದರ ಮೇಲೊಂದು ಪೇರಿಸಿ ಒಟ್ಟಿಗೆ ಓದಿಸೋಣ ಅಂದರೂ ಆಗದು, ಒಂದಕ್ಕೊಂದು ಮರೆಯಾಗುತ್ತವೆ.

ಪುಸ್ತಕದ ಟ್ಯಾಗನ್ನೇ ಕತ್ತರಿಸಿ ಒಂದು ಪಕ್ಕಕ್ಕೆ ಅಂಟಿಸುವವರೂ ಇದ್ದಾರೆ. ದಯವಿಟ್ಟು ಬೇಡ! ಕತ್ತರಿಸಿದರೆ ಆಂಟೆನಾ ತುಂಡಾಗುತ್ತದೆ, ಆ ಟ್ಯಾಗ್ ಅಲ್ಲಿಗೆ ಮುಗಿಯಿತು. 52 ಪಟ್ಟು ವೇಗದ ಡ್ರೈವ್‌ನಲ್ಲಿ ಡಿಸ್ಕ್ ನಿಮಿಷಕ್ಕೆ ಸುಮಾರು 10,000 ಸುತ್ತು ಹೊಡೆಯುತ್ತದೆ, ಒಂದು ಕಡೆ ತೂಕ ಚೂರು ಜಾಸ್ತಿಯಾದರೂ ಗಡಗಡ ಅನ್ನುತ್ತದೆ.

ಬರೀ ಡಬ್ಬಿಗೆ ಅಂಟಿಸುವುದು ಸುಲಭ, ಡಿಸ್ಕ್‌ಗೆ ಅಂಟಿಸಿದ್ದಕ್ಕಿಂತ ಓದುವುದೂ ಚೆನ್ನಾಗಿ. ಆದರೆ ಖಾಲಿ ಡಬ್ಬಿ ವಾಪಸ್ ಬಂದರೂ ನಿಮ್ಮ ಲೆಕ್ಕದಲ್ಲಿ ಸಿಡಿ ಬಂದಂತೆಯೇ, ಅಲ್ವಾ? ನಾನಾದರೆ ಮತ್ತೆ ಸಿಗದ ಡಿಸ್ಕ್‌ಗೆ ಬಳೆ ಟ್ಯಾಗ್ ಹಾಕಿ, ಅದರ ಡಬ್ಬಿಗೂ ಒಂದು ಹಾಕುತ್ತೇನೆ. ಉಳಿದವಕ್ಕೆ ಡಬ್ಬಿಯ ಟ್ಯಾಗ್ ಸಾಕು, ಡಿಸ್ಕ್‌ಗಳು ಕೌಂಟರ್ ಹಿಂದೆ ಇರಲಿ.

ಈಗಾಗಲೇ ಅಂಟಿಸಿದ್ದನ್ನು ಕೀಳಲು ಹೋಗಬೇಡಿ. ಸಿಡಿಯಲ್ಲಿ ಆ ಲೋಹದ ಪದರ ಲೇಬಲ್ ಕಡೆಯೇ ಇದೆ, ಮೇಲೆ ತೆಳು ಲೇಪ ಅಷ್ಟೇ, ಸ್ಟಿಕ್ಕರ್ ಜೊತೆ ಅದೂ ಎದ್ದು ಬರಬಹುದು. ಡಿವಿಡಿಯಲ್ಲಿ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುವುದರಿಂದ ಅಷ್ಟು ಭಯವಿಲ್ಲ. ಆ ಸಿಡಿಗಳನ್ನು ಕಡಿಮೆ ವೇಗದಲ್ಲಿ ಓಡಿಸಿ, ಮೊದಲು ಒಂದು ಪ್ರತಿ ಮಾಡಿಟ್ಟುಕೊಳ್ಳಿ.