ಓದುಗರ ಪ್ರಶ್ನೆ: ಕಾಲುವೆಯಲ್ಲಿ ನಾವೇ ದೋಣಿ ನಡೆಸಬಹುದೇ?

ಪ್ರಶ್ನೆ: ನಮ್ಮ ಮಗ ಮ್ಯಾಂಚೆಸ್ಟರಿನಲ್ಲಿದ್ದಾನೆ. ಜೂನ್ ತಿಂಗಳಲ್ಲಿ ನಾವು ದಂಪತಿ ಅಲ್ಲಿಗೆ ಹೋದಾಗ ಮಗ, ಸೊಸೆ ಮತ್ತು ಎಂಟು ವರ್ಷದ ಮೊಮ್ಮಗಳೊಂದಿಗೆ ವೇಲ್ಸಿನ ಲ್ಯಾಂಗೊಲೆನ್ ಕಾಲುವೆಯಲ್ಲಿ ಒಂದು ವಾರ ದೋಣಿ ಬಾಡಿಗೆಗೆ ಹಿಡಿದು ನಾವೇ ನಡೆಸಿಕೊಂಡು ಹೋಗೋಣವೆಂದು ಅವನು ಹಟ ಹಿಡಿದಿದ್ದಾನೆ. ನಮ್ಮಲ್ಲಿ ಯಾರಿಗೂ ದೋಣಿ ನಡೆಸಿ ಗೊತ್ತಿಲ್ಲ. ಪರವಾನಗಿ ಬೇಡವೇ? ನನಗೆ ಮಂಡಿನೋವು ಬೇರೆ ಇದೆ. ಇದು ಆಗುವ ಮಾತೇ?
— ನಿವೃತ್ತ ಅಧ್ಯಾಪಕರು, ಮೈಸೂರು

ಉತ್ತರ: ಆಗುವ ಮಾತೇ. ಬ್ರಿಟನ್ನಿನ ಕಾಲುವೆಗಳಲ್ಲಿ ರಜೆಗೆಂದು ದೋಣಿ ಬಾಡಿಗೆ ಹಿಡಿಯುವವರಿಗೆ ಪರವಾನಗಿಯ ಅಗತ್ಯವಿಲ್ಲ. ದೋಣಿಯನ್ನು ಒಪ್ಪಿಸುವ ದಿನ ಸಿಬ್ಬಂದಿಯೇ ಎಂಜಿನ್, ಚುಕ್ಕಾಣಿ, ಹಗ್ಗ ಕಟ್ಟುವ ಕ್ರಮ ಎಲ್ಲವನ್ನೂ ತೋರಿಸಿಕೊಡುತ್ತಾರೆ. ಆ ಪಾಠವನ್ನು ಅವಸರದಲ್ಲಿ ಮುಗಿಸಲು ಬಿಡಬೇಡಿ. ಮಗನೊಬ್ಬನೇ ಅಲ್ಲದೆ ಸೊಸೆಯೂ ಒಮ್ಮೆ ಚುಕ್ಕಾಣಿ ಹಿಡಿದು ನೋಡಲಿ.

ಈ ದೋಣಿಯ ಅಗಲ ಏಳು ಅಡಿಯಷ್ಟೇ. ಉದ್ದ ಮಾತ್ರ 60 ಅಡಿಯ ಆಸುಪಾಸು, ಅಂದರೆ ನಮ್ಮ ಸಿಟಿ ಬಸ್ಸಿನ ಒಂದೂವರೆ ಪಟ್ಟು. ಬ್ರೇಕ್ ಇಲ್ಲ, ನಿಲ್ಲಿಸಬೇಕಾದರೆ ರಿವರ್ಸ್ ಗೇರ್ ಹಾಕಿ ಕಾಯಬೇಕು. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿಯ ಮೂತಿ ಬಲಕ್ಕೆ ಹೊರಳುತ್ತದೆ. ಎದುರಿಗೆ ದೋಣಿ ಬಂದಾಗ ಬಲಕ್ಕೆ ಸರಿಯುವುದು ಅಲ್ಲಿನ ನಿಯಮ. ರಸ್ತೆಯಲ್ಲಿ ಎಡಕ್ಕೆ ಸರಿದು ರೂಢಿಯಾದವರು ಮೊದಲ ದಿನ ತಡವರಿಸುವುದು ಸಹಜ. ವೇಗದ ಮಿತಿ ಗಂಟೆಗೆ 4 ಮೈಲಿ. ದಂಡೆಗೆ ಕಟ್ಟಿದ ದೋಣಿಗಳ ಪಕ್ಕದಲ್ಲಿ ಅದಕ್ಕಿಂತಲೂ ನಿಧಾನವಾಗಿ ಹೋಗಬೇಕು, ಇಲ್ಲವಾದರೆ ನೀರಿನ ಸೆಳೆತಕ್ಕೆ ಅವರ ಗೂಟಗಳು ಕಿತ್ತು ಬರುತ್ತವೆ, ಬೈಗುಳವೂ ಬರುತ್ತದೆ.

ನಿಜವಾದ ಕೆಲಸವಿರುವುದು ಲಾಕ್‌ಗಳಲ್ಲಿ. ಕಾಲುವೆಯ ಮಟ್ಟ ಬದಲಾಗುವ ಕಡೆ ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿಯೊಳಗೆ ದೋಣಿಯನ್ನು ನಿಲ್ಲಿಸಿ, ತೂಬನ್ನು ಎತ್ತಿ ನೀರು ತುಂಬಿಸಿ ಅಥವಾ ಇಳಿಸಿ, ಬಾಗಿಲನ್ನು ಬೆನ್ನು ಕೊಟ್ಟು ತಳ್ಳಿ ಮುಂದೆ ಸಾಗಬೇಕು; ಬಹುತೇಕ ಕಡೆ ಇದೆಲ್ಲವನ್ನೂ ನೀವೇ ಮಾಡಿಕೊಳ್ಳಬೇಕು. ತೂಬು ಎತ್ತಲು ವಿಂಡ್ಲಸ್ ಎಂಬ ಎಲ್ ಆಕಾರದ ಕಬ್ಬಿಣದ ಹಿಡಿಯನ್ನು ಕೊಡುತ್ತಾರೆ. ತೂಬು ಮೇಲೆ ಬಂದ ಮೇಲೆ ಹಲ್ಲುಗಾಲಿಗೆ ತಡೆ ಕಚ್ಚಿದೆಯೇ ಎಂದು ನೋಡದೆ ಹಿಡಿಯನ್ನು ಬಿಟ್ಟರೆ, ತೂಬು ಕೆಳಗೆ ಬೀಳುವ ರಭಸಕ್ಕೆ ಅದು ಗಿರಗಿರನೆ ತಿರುಗಿ ಮಣಿಕಟ್ಟನ್ನೇ ಮುರಿಯಬಲ್ಲದು. ಕೆಲಸ ಮುಗಿದೊಡನೆ ಹಿಡಿಯನ್ನು ಕಳಚಿ ಕೈಯಲ್ಲಿಟ್ಟುಕೊಳ್ಳಬೇಕು.

ಇನ್ನೊಂದು ಅಪಾಯ ಕೆಳಗಿಳಿಯುವಾಗಿನದು. ಮೇಲಿನ ಬಾಗಿಲಿನ ಬುಡದಲ್ಲಿ ತೊಟ್ಟಿಯೊಳಕ್ಕೆ ಚಾಚಿಕೊಂಡ ಕಲ್ಲಿನ ಕಟ್ಟೆಯೊಂದಿದ್ದು, ತೊಟ್ಟಿ ತುಂಬಿದ್ದಾಗ ಅದು ಕಣ್ಣಿಗೆ ಕಾಣುವುದಿಲ್ಲ. ಅದರ ಗಡಿಯನ್ನು ಗೋಡೆಯ ಮೇಲೆ ಬಿಳಿ ಗೆರೆಯಿಂದ ಗುರುತಿಸಿರುತ್ತಾರೆ. ದೋಣಿಯ ಹಿಂಭಾಗ ಆ ಗೆರೆಯಿಂದ ಮುಂದಕ್ಕಿರಬೇಕು. ಅದು ಕಟ್ಟೆಯ ಮೇಲೆ ಕುಳಿತುಬಿಟ್ಟರೆ ಮುಂಭಾಗ ಮಾತ್ರ ನೀರಿನೊಂದಿಗೆ ಇಳಿಯುತ್ತಾ ಹೋಗಿ ದೋಣಿ ಮುಳುಗುವ ಸಂಭವವಿದೆ. ದೋಣಿ ವಾಲುತ್ತಿದೆ ಎನಿಸಿದ ಕ್ಷಣವೇ ಕೆಳಗಿನ ತೂಬುಗಳನ್ನು ಮುಚ್ಚಿ, ಅನಂತರ ಮೇಲಿನವನ್ನು ನಿಧಾನವಾಗಿ ತೆರೆದು ತೊಟ್ಟಿಯನ್ನು ಮತ್ತೆ ತುಂಬಿಸಬೇಕು. ತೂಬಿನ ಬಳಿ ಇರುವವರು ಆ ಹೊತ್ತಿನಲ್ಲಿ ಫೋಟೊ ತೆಗೆಯುತ್ತ ನಿಲ್ಲಬಾರದು.

ನಿಮ್ಮ ಮಂಡಿನೋವಿನ ದೃಷ್ಟಿಯಿಂದ ಮಗನ ಆಯ್ಕೆ ಒಳ್ಳೆಯದೇ. ಟ್ರೆವರ್‌ನಿಂದ ಹೊರಟು ಚರ್ಕ್ ದಾಟಿ ಎಲ್ಸ್‌ಮಿಯರ್‌ಗೆ ಹೋಗುವ ದಾರಿಯಲ್ಲಿ ಸಿಗುವುದು ನ್ಯೂ ಮಾರ್ಟನ್‌ನ ಎರಡೇ ಲಾಕ್‌ಗಳು. ಅವನ್ನು ಮಗ ಸೊಸೆಗೆ ಬಿಟ್ಟು ನೀವು ದೋಣಿಯಲ್ಲೇ ಇರಿ. ಎಂಥ ಸಂದರ್ಭದಲ್ಲೂ ದೋಣಿಯಿಂದ ದಂಡೆಗೆ ಹಾರಬೇಡಿ. ಪೂರ್ತಿ ನಿಂತ ಮೇಲೆ ಕಾಲಿಡಿ. ದಿನದ ಲೆಕ್ಕ ಹಾಕುವಾಗ ಗಂಟೆಗೆ ಮೂರು ಮೈಲಿಗಿಂತ ಹೆಚ್ಚು ಹಿಡಿಯದೆ, ಪ್ರತಿ ಲಾಕ್‌ಗೂ ಸುಮಾರು ಕಾಲು ಗಂಟೆ ಸೇರಿಸಿ. ಕತ್ತಲಾದ ಮೇಲೆ ಬಾಡಿಗೆ ದೋಣಿ ನಡೆಸುವಂತಿಲ್ಲ. ಮೊದಲ ಸಲ ಹೋಗುವವರು ದಿನಕ್ಕೆ ನಾಲ್ಕೈದು ಗಂಟೆಗೆ ಮುಗಿಸುವುದೇ ಲೇಸೆಂದು ನನ್ನ ಅಭಿಪ್ರಾಯ. ನಕ್ಷೆ ಹಿಡಿದು ದೂರ ಅಳೆಯುತ್ತಾ ಕುಳಿತರೆ ಮನೆಯವರೊಳಗೇ ಜಗಳವಾಗುತ್ತದೆ.

ಟ್ರೆವರ್‌ನ ಪಕ್ಕದಲ್ಲೇ ಪಾಂಟ್‌ಕಸಲ್ಟೆ ಮೇಲ್ಗಾಲುವೆಯಿದೆ. ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ ಅವರ ಹೊಣೆಯಲ್ಲಿ ಕಟ್ಟಿ 1805ರಲ್ಲಿ ತೆರೆದ, 2009ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಎರಕದ ಕಬ್ಬಿಣದ ತೊಟ್ಟಿ 307 ಮೀಟರ್ ಉದ್ದವಿದ್ದು, ಡೀ ನದಿಯ ಮೇಲೆ 38 ಮೀಟರ್ ಎತ್ತರದಲ್ಲಿ ಕಲ್ಲಿನ ಕಂಬಗಳ ಮೇಲೆ ನಿಂತಿದೆ. ಒಂದು ಬದಿಗೆ ಕಾಲುದಾರಿಯೂ ಕಟಕಟೆಯೂ ಉಂಟು. ಇನ್ನೊಂದು ಬದಿಗೆ ತೊಟ್ಟಿಯ ಅಂಚು ನೀರಿನಿಂದ ಗೇಣುದ್ದವೂ ಮೇಲಿಲ್ಲ, ಅದರಾಚೆ ಬರೀ ಆಕಾಶ. ಮೊಮ್ಮಗಳನ್ನು ಅಲ್ಲಿ ದೋಣಿಯ ಒಳಗೇ ಕೂರಿಸಿ, ಮಿಕ್ಕ ಹೊತ್ತಿನಲ್ಲೂ ಹೊರಗೆ ಬಂದಾಗ ಲೈಫ್ ಜಾಕೆಟ್ ಬಿಚ್ಚಿಸಬೇಡಿ. ಅವಳ ಅಳತೆಯದನ್ನು ಮೊದಲೇ ಕೇಳಿ ತೆಗೆದಿಡಿಸಿ. ತಲೆ ಸುತ್ತುವವರು ಒಳಗಿದ್ದು ಕಾಲುದಾರಿಯ ಕಡೆಯ ಕಿಟಕಿಯಲ್ಲಿ ನೋಡಬಹುದು. ಲ್ಯಾಂಗೊಲೆನ್ ಊರಿನ ಕಡೆಗೆ ಹೋಗುವಾಗ ನೀರು ಎದುರಿನಿಂದ ಹರಿದು ಬರುವುದರಿಂದ ದೋಣಿ ಇನ್ನಷ್ಟು ನಿಧಾನ. ಊರಿನ ಹತ್ತಿರ ಒಂದೇ ದೋಣಿ ಹಿಡಿಸುವ ಇಕ್ಕಟ್ಟುಗಳಿವೆ. ಒಬ್ಬರು ಮುಂದೆ ನಡೆದು ಹೋಗಿ ದಾರಿ ತೆರವಾಗಿದೆಯೇ ಎಂದು ನೋಡಿ ಸನ್ನೆ ಮಾಡಬೇಕು.

ಪ್ರಶ್ನೆ: ದೋಣಿಯಲ್ಲಿ ಅಡುಗೆ ಮಾಡಿಕೊಳ್ಳಲು ಅನುಕೂಲವಿರುತ್ತದೆಯೇ? ನಾವು ಶುದ್ಧ ಸಸ್ಯಾಹಾರಿಗಳು.
— ಗೃಹಿಣಿ, ಹುಬ್ಬಳ್ಳಿ

ಉತ್ತರ: ಸಿಲಿಂಡರಿನ ಗ್ಯಾಸ್ ಒಲೆ, ಫ್ರಿಜ್, ಪಾತ್ರೆಗಳು ಇರುತ್ತವೆ, ಕುಕ್ಕರ್ ನೀವೇ ಒಯ್ಯಿರಿ. ಮಿಕ್ಸಿಯನ್ನು ನಂಬಿಕೊಳ್ಳಬೇಡಿ. ಎಂಜಿನ್ ಓಡುವಾಗ ತುಂಬಿಕೊಂಡ ಬ್ಯಾಟರಿಯೇ ದೋಣಿಗೆ ವಿದ್ಯುತ್ತಿನ ಮೂಲವಾದ್ದರಿಂದ ಹೆಚ್ಚು ಎಳೆಯುವ ಯಂತ್ರಗಳನ್ನು ಅದು ತಾಳುವುದಿಲ್ಲ. ಚಟ್ನಿಪುಡಿ, ಸಾರಿನ ಪುಡಿ ಕಟ್ಟಿಕೊಂಡರೆ ವಾರ ಸಾಗುತ್ತದೆ. ಕುಡಿಯುವ ನೀರಿನ ಟ್ಯಾಂಕನ್ನು ದಂಡೆಯ ನಲ್ಲಿಗಳಲ್ಲಿ ತುಂಬಿಕೊಳ್ಳುತ್ತಿರಬೇಕು. ಸಿಂಕಿನ ನೀರು ನೇರವಾಗಿ ಕಾಲುವೆಗೇ ಬೀಳುವುದರಿಂದ ಕರಿದ ಎಣ್ಣೆಯನ್ನು ಅದಕ್ಕೆ ಸುರಿಯಬೇಡಿ. ಒಲೆ ಉರಿಯುವಾಗ ಗಾಳಿಗಂಡಿಗಳನ್ನು ಚಳಿಯೆಂದು ಮುಚ್ಚುವುದು ಪ್ರಾಣಾಪಾಯದ ಕೆಲಸ; ಕಾರ್ಬನ್ ಮೊನಾಕ್ಸೈಡ್ ಅಲಾರಂ ಎಲ್ಲಿದೆ ಎಂಬುದನ್ನು ಮೊದಲ ದಿನವೇ ಕೇಳಿಕೊಳ್ಳಿ.

ಪ್ರಶ್ನೆ: ಫ್ರಾನ್ಸಿನ ಕನಾಲ್ ದ್ಯು ಮಿದಿ ಇದಕ್ಕಿಂತ ಸುಲಭವೇ?
— ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ಲಾಕ್‌ಗಳ ಮಟ್ಟಿಗೆ ಸುಲಭ. 17ನೇ ಶತಮಾನದಲ್ಲಿ ಪಿಯರ್ ಪಾಲ್ ರಿಕೆ ಕಟ್ಟಿಸಿದ, ಸುಮಾರು 240 ಕಿಲೋಮೀಟರ್ ಉದ್ದದ ಆ ಕಾಲುವೆಯಲ್ಲಿ ಲಾಕ್‌ಗಳನ್ನು ಸಾಮಾನ್ಯವಾಗಿ ಸಿಬ್ಬಂದಿ ಅಥವಾ ಯಂತ್ರವೇ ನಡೆಸುತ್ತದೆ, ನಿಮ್ಮ ಪಾಲಿಗೆ ಹಗ್ಗ ಹಿಡಿಯುವ ಕೆಲಸ. ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಲಾಕ್‌ಗಳು ಮುಚ್ಚಿರುತ್ತವೆ. ಪರವಾನಗಿಯ ಬದಲು ಬಾಡಿಗೆಯವರೇ ಆ ಪ್ರವಾಸಕ್ಕಷ್ಟೇ ಸಲ್ಲುವ ಪತ್ರವೊಂದನ್ನು ಕೊಡುತ್ತಾರೆ. ಚಿತ್ರಗಳಲ್ಲಿ ಕಾಣುವ ಸಾಲುಮರಗಳ ನೆರಳನ್ನು ನೆಚ್ಚಿ ಜುಲೈನಲ್ಲಿ ಹೋಗಬೇಡಿ. 2006ರಿಂದೀಚೆಗೆ ಶಿಲೀಂಧ್ರ ರೋಗ ತಗುಲಿ ಸಾವಿರಾರು ಮರಗಳನ್ನು ಕಡಿದಿದ್ದಾರೆ, ಮೇ ಅಥವಾ ಸೆಪ್ಟೆಂಬರ್ ವಾಸಿ. ಬ್ರಿಟನ್ನಿನ ವೀಸಾ ಅಲ್ಲಿ ನಡೆಯುವುದಿಲ್ಲವಾದ್ದರಿಂದ ಷೆಂಗೆನ್ ವೀಸಾ ಕೈಸೇರುವ ಮುನ್ನ ಪೂರ್ತಿ ಬಾಡಿಗೆ ಕಟ್ಟಬೇಕಾಗಿ ಬಂದರೆ, ರದ್ದು ಮಾಡಿದಾಗ ಎಷ್ಟು ಹಣ ಹಿಂದಿರುಗುತ್ತದೆ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ.