ಹುಬ್ಬಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಎಷ್ಟು ತಾಸು?

ಅಪ್ಪ-ಅವ್ವ ಹುಬ್ಬಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರೋ ಅಕ್ಕನ ಮನೆಗೆ ಹೊರಟಿದ್ದಾರೆ, ವಿಮಾನದಲ್ಲಿ ಎಷ್ಟು ದೂರ, ಎಷ್ಟು ತಾಸು ಅಂತ ಕೇಳಿದ್ದೀರಿ. ಬೆಂಗಳೂರಿಂದ ನೇರ ಅಳೆದರೆ ಸುಮಾರು 14,000 ಕಿ.ಮೀ. ಎಲ್ಲೂ ಇಳಿಯದೆ ಹೋದರೆ 16-17 ತಾಸು. ಆದರೆ ಬರೀ ಇಷ್ಟು ನೋಡಿ ಟಿಕೆಟ್ ತೆಗೆಯಬೇಡಿ. ಮನೆ ಬಿಟ್ಟಾಗಿಂದ ಅಕ್ಕನ ಮನೆ ಮುಟ್ಟೋವರೆಗೆ ಒಂದೂವರೆ ದಿನ ಹಿಡಿಯುತ್ತೆ ಅಂತ ಇಟ್ಟುಕೊಳ್ಳಿ.

ಗೋಡೆಯ ನಕಾಶೆ ನೋಡಿದರೆ ಯುರೋಪು, ಅಟ್ಲಾಂಟಿಕ್ ದಾಟಿ ಹೋಗಬೇಕು ಅನ್ಸುತ್ತೆ. ಗ್ಲೋಬ್ ಮೇಲೆ ದಾರ ಹಿಡಿದು ನೋಡಿ, ಅದು ಉತ್ತರ ಧ್ರುವದ ಕಡೆಗೆ ಏರಿ ಆಚೆ ಇಳಿಯುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೋ-ಬೆಂಗಳೂರು ವಿಮಾನ ಧ್ರುವದ ಮೇಲಿಂದಲೇ ಬಂತು, ಓಡಿಸಿದವರೆಲ್ಲ ಹೆಣ್ಣುಮಕ್ಕಳು. ಹಾರಿದ್ದು ಸುಮಾರು 16,000 ಕಿ.ಮೀ. ನೋಡಿ, ಅಳತೆಯ ದೂರ ಬೇರೆ, ಹಾರೋ ದೂರ ಬೇರೆ.

ನೇರ ವಿಮಾನ ಇಲ್ಲ ಅಂದ್ರೆ ದುಬೈ ಇಲ್ಲವೇ ಫ್ರಾಂಕ್‌ಫರ್ಟ್. ದುಬೈಗೆ 4 ತಾಸು, ಅಲ್ಲಿಂದ 16. ಫ್ರಾಂಕ್‌ಫರ್ಟ್‌ಗೆ ಹತ್ತರ ಹತ್ತಿರ, ಅಲ್ಲಿಂದ ಹನ್ನೊಂದೂವರೆ. ವಯಸ್ಸಾದವರಿಗೆ ನಾನಂತೂ ಫ್ರಾಂಕ್‌ಫರ್ಟ್ ಅಂತೀನಿ, ಒಂದೇ ಸಮ 16 ತಾಸು ಕೂತರೆ ಮೊಣಕಾಲು ಮಾತು ಕೇಳಲ್ಲ. ನಡುವೆ ಮೂರು ತಾಸಾದರೂ ಇರಲಿ.

ಹುಬ್ಬಳ್ಳಿ-ಬೆಂಗಳೂರು ವಿಮಾನದಲ್ಲಿ ಸುಮಾರು 370 ಕಿ.ಮೀ., ತಾಸಿನ ಮೇಲೆ ಸ್ವಲ್ಪ. ಜನ ಇದನ್ನ ಲೆಕ್ಕಕ್ಕೇ ಇಡಲ್ಲ, ತೊಂದರೆ ಮಾತ್ರ ಇಲ್ಲೇ ಜಾಸ್ತಿ. ಮಳೆಗಾಲದಲ್ಲಿ ಗೋಕುಲ ರೋಡ್‌ನ ಹುಬ್ಬಳ್ಳಿ ವಿಮಾನ ನಿಲ್ದಾಣದ ಮೇಲೆ ಮೋಡ ಕವಿದರೆ ವಿಮಾನ ತಡ ಆಗೋದು ಇದ್ದದ್ದೇ, ಎರಡು ಟಿಕೆಟ್ ಬೇರೆ ಬೇರೆ ತೆಗೆದಿದ್ದರೆ ಮುಂದಿನ ವಿಮಾನ ತಪ್ಪಿದ್ದಕ್ಕೆ ಯಾರೂ ಜವಾಬ್ದಾರರಲ್ಲ. ಬ್ಯಾಗಿನ ತೂಕದ್ದೂ ಅದೇ ಕಥೆ. ಅಮೆರಿಕದ ಟಿಕೆಟ್‌ಗೆ ಸಾಮಾನ್ಯವಾಗಿ 23 ಕೆಜಿಯ ಎರಡು ಬ್ಯಾಗ್, ಊರೊಳಗಿನ ವಿಮಾನಕ್ಕೆ 15 ಕೆಜಿ. ಶೇಂಗಾ ಚಟ್ನಿ, ಕರದಂಟು, ಖಡಕ್ ರೊಟ್ಟಿ ತುಂಬಿದ ಬ್ಯಾಗನ್ನ ಹುಬ್ಬಳ್ಳಿ ಕೌಂಟರ್ ಮುಂದೆ ಬಿಚ್ಚೋ ಪಾಳಿ ಯಾಕೆ? ಒಂದೇ ಟಿಕೆಟ್ ಸಿಕ್ಕರೆ ಅದನ್ನೇ ತೊಗೊಳ್ಳಿ. ಇಲ್ಲವಾದ್ರೆ ಹಿಂದಿನ ದಿನ ವಂದೇ ಭಾರತ್‌ನಲ್ಲಿ ಹೋಗಿ ಬೆಂಗಳೂರಲ್ಲಿ ಮಲಗಲಿ. ಆರು ತಾಸಿನ ದಾರಿ, ಆಮೇಲೆ ಮೆಜೆಸ್ಟಿಕ್‌ನಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ 35 ಕಿ.ಮೀ.

ಟಿಕೆಟ್ ಮೇಲಿನ ಟೈಮ್ ಆಯಾ ಊರಿನದ್ದು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹನ್ನೆರಡೂವರೆ ತಾಸು ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಜೂನ್‌ನಲ್ಲಿ ಮಧ್ಯಾಹ್ನ 1ಕ್ಕೆ ಬೆಂಗಳೂರು ಬಿಟ್ಟು ಹದಿನಾರೂವರೆ ತಾಸು ಹಾರಿದರೂ ಅಲ್ಲಿ ಅದೇ ದಿನ ಸಂಜೆ 5 ಗಂಟೆ. ಅಕ್ಕನಿಗೆ ತಾರೀಖು ಸರಿಯಾಗಿ ಹೇಳಿ.

ಇನ್ನೊಂದು, ಬುಕ್ ಮಾಡುವಾಗಲೇ ವೀಲ್‌ಚೇರ್ ಹಾಕಿಸಿ. ಅಪ್ಪ ಬೇಡ ಅಂತಾರೆ, ಆದರೂ ಹಾಕಿಸಿ. ವಿಮಾನ ಬದಲಿಸೋ ಕಡೆ ಗೇಟ್‌ವರೆಗೆ ವಿಮಾನ ಕಂಪನಿಯವರೇ ಮುಟ್ಟಿಸ್ತಾರೆ.